ಹಾಲಿನ ವ್ಯಾನಿನ ಕ್ಲಚ್ಚನ್ನೂ ನಾವೇ ಕೇಳಬೇಕು

ಹಾಲಿನ ಗುಣಮಟ್ಟ ಎಂದರೆ ಕೆಚ್ಚಲು ತೊಳೆಯಿರಿ, ಕ್ಯಾನು ತೊಳೆಯಿರಿ ಎಂದು ನಮಗೇ ಪಾಠ. ಕ್ಯಾನು ಹೊರುವ ಹಳೇ ವ್ಯಾನಿನ ಸ್ಥಿತಿಯನ್ನು ಯಾರೂ ಕೇಳುವುದಿಲ್ಲ. ಕೆ.ಆರ್. ಪುರದ ತೂಗುಸೇತುವೆ, ಟಿನ್ ಫ್ಯಾಕ್ಟರಿ ಬಳಿ ಗಾಡಿಗಳು ಅರ್ಧ ಕ್ಲಚ್ಚಿನಲ್ಲೇ ತೆವಳುತ್ತವೆ. ಪ್ಲೇಟು ಬೇಗ ಸವೆಯುತ್ತದೆ. ವ್ಯಾನು ದಾರಿಯಲ್ಲಿ ನಿಂತರೆ, 4 ಡಿಗ್ರಿಗೆ ತಣಿಯಬೇಕಾದ ಹಾಲು ಬಿಸಿಲಲ್ಲಿ ಹುಳಿಯುತ್ತದೆ. ನಷ್ಟ ಕೊನೆಗೆ ಹಾಲು ಹಾಕಿದವರಿಗೇ.

ಸವೆದ ಕ್ಲಚ್ ಗುರುತಿಸಲು ನಮಗೆ ಡ್ರೈವಿಂಗ್ ಬರಬೇಕಿಲ್ಲ. ದಿಣ್ಣೆ ಹತ್ತುವಾಗ ಎಂಜಿನ್ ಅರಚಿದರೂ ವೇಗ ಏರದಿದ್ದರೆ, ಸುಟ್ಟ ವಾಸನೆ ಬಂದರೆ ಕ್ಲಚ್ ಜಾರುತ್ತಿದೆ. ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಡ್ರೈವರ್ ಹ್ಯಾಂಡ್‌ಬ್ರೇಕ್ ಬಿಗಿದು 3ನೇ ಗೇರಿನಲ್ಲಿ ಕ್ಲಚ್ ನಿಧಾನವಾಗಿ ಬಿಡಲಿ. ಎಂಜಿನ್ ಆಫ್ ಆದರೆ ಸದ್ಯಕ್ಕೆ ಸರಿ. ಗಾಡಿ ಕದಲದೆ ಎಂಜಿನ್ ಓಡುತ್ತಲೇ ಇದ್ದರೆ ಮೊದಲು ಕೇಬಲ್ಲಿನ ಬಿಗಿ, ಆಮೇಲೆ ಪ್ಲೇಟು ನೋಡಿಸಬೇಕು.

ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಲೇಬಾರದು, ತಾಗಿದರೆ ಇನ್ನಷ್ಟು ಜಾರುತ್ತದೆ. ಎಣ್ಣೆ ಬೇಕಿರುವುದು ಗೇರ್‌ಬಾಕ್ಸಿಗೆ. ಬಹುತೇಕ ಹಳೇ ವ್ಯಾನುಗಳಲ್ಲಿ ಪಕ್ಕದ ಪ್ಲಗ್ ಬಿಚ್ಚಿದರೆ ರಂಧ್ರದ ಅಂಚಿನವರೆಗೆ ಎಣ್ಣೆ ಕಾಣಬೇಕು. ಕಂಪನಿ ಹೇಳಿದ ದರ್ಜೆಯದನ್ನೇ ಹಾಕಿಸಬೇಕು. ಎಣ್ಣೆಯಲ್ಲಿ ಲೋಹದ ಚೂರು ಕಂಡರೆ ಒಳಗಿನ ಭಾಗಗಳು ಸವೆಯುತ್ತಿರಬಹುದು ಅಥವಾ ಮುರಿಯುತ್ತಿರಬಹುದು.

ಇದು ಗಾಡಿ ಮಾಲೀಕರಿಗೆ ಹೊರೆ ಎನ್ನುವವರಿದ್ದಾರೆ. ನಿಜ, ಹಾಗಾಗಿ ಆ ಖರ್ಚನ್ನು ಬಾಡಿಗೆಯಲ್ಲೇ ಸೇರಿಸಿ ಕೊಡೋಣ. ಆದರೆ 3 ತಿಂಗಳಿಗೊಮ್ಮೆ ತಪಾಸಣೆ ಎಂಬ ಮಾತು ಒಪ್ಪಂದದಲ್ಲಿ ಬರಲಿ. ಮುಂದಿನ ಸಂಘದ ಸಭೆಯಲ್ಲಿ ಅಕ್ಕಂದಿರು ಈ ಪ್ರಶ್ನೆ ಎತ್ತಲಿ.