1,026ರ ಲೆಕ್ಕ ಮರೆತ ಲಿಥಿಯಂ ಉತ್ಸಾಹ

ಲಿಥಿಯಂ ಪಾರ್ಶ್ವವಾಯುವಿನ ಔಷಧವಲ್ಲ. ಸದ್ಯಕ್ಕಂತೂ ಅಲ್ಲ. 2025ರ ಆಗಸ್ಟ್‌ನಲ್ಲಿ ಹಾರ್ವರ್ಡ್‌ನ ಬ್ರೂಸ್ ಯಾಂಕ್ನರ್ ತಂಡ ಲಿಥಿಯಂ ಕೊರತೆಗೂ ಆಲ್ಜೈಮರ್‌ಗೂ ಇರುವ ನಂಟನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದೇ ತಡ, ಪಾರ್ಶ್ವವಾಯುವಿಗೆ ಸಂಬಂಧಿಸಿದ ಲಿಥಿಯಂನ ಹಳೆಯ ಇಲಿ ಪ್ರಯೋಗಗಳೆಲ್ಲ ಧೂಳು ಕೊಡವಿಕೊಂಡು ಎದ್ದಿವೆ. ಬೈಪೋಲಾರ್ ರೋಗಿಗಳು ನುಂಗುವ ಅಗ್ಗದ ಮಾತ್ರೆಯೇ ರಕ್ತ ಸಿಗದೆ ಸಾಯುವ ನರಕೋಶಗಳಿಗೂ ರಾಮಬಾಣವಂತೆ.

ಆ ಪ್ರಯೋಗಗಳೇನೂ ಬೊಗಳೆಯಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಡಿ-ಮಾವ್ ಚುವಾಂಗ್ ತಂಡ 1998ರಲ್ಲೇ ಇಲಿಗಳಿಗೆ 16 ದಿನ ಮೊದಲೇ ಲಿಥಿಯಂ ಕೊಟ್ಟು, ನಂತರ ಮಿದುಳಿನ ರಕ್ತನಾಳ ಕಟ್ಟಿ ನೋಡಿತು. ಹಾನಿ ಗಣನೀಯವಾಗಿ ತಗ್ಗಿತ್ತು. ಲಕ್ವ ಹೊಡೆಯುವ ದಿನವನ್ನು ಯಾರೂ 16 ದಿನ ಮೊದಲೇ ತಿಳಿಸುವುದಿಲ್ಲವಲ್ಲ ಎಂಬ ಆಕ್ಷೇಪಕ್ಕೆ 2003ರಲ್ಲಿ ಉತ್ತರವೂ ಬಂತು: ರಕ್ತ ನಿಂತು ಮೂರು ಗಂಟೆಯ ನಂತರ ಕೊಟ್ಟರೂ ಇಲಿಗಳಿಗೆ ಗುಣ ಕಂಡಿತು.

ಉತ್ಸಾಹಿಗಳು ಎತ್ತದ ಸಂಖ್ಯೆ ಬೇರೊಂದಿದೆ: 1,026. ವಿಕ್ಟೋರಿಯಾ ಒಕಾಲಿನ್ಸ್ ಮತ್ತು ಸಂಗಡಿಗರು 2006ರಲ್ಲಿ, ಪಾರ್ಶ್ವವಾಯುವಿಗೆಂದು ಅದುವರೆಗೆ ಪರೀಕ್ಷೆಗೆ ಒಳಗಾದ ಚಿಕಿತ್ಸೆಗಳನ್ನೆಲ್ಲ ಎಣಿಸಿದಾಗ ಸಿಕ್ಕ ಮೊತ್ತ ಅದು. ಮನುಷ್ಯರವರೆಗೆ ಬಂದಿದ್ದು 114. ಇಲಿಯಲ್ಲಿ ಗೆದ್ದವು ಅವುಗಳಲ್ಲಿ ಧಾರಾಳವಾಗಿದ್ದವು. ಆದರೆ ಇಂದು ಜಗತ್ತೆಲ್ಲ ನಂಬಿರುವುದು 1996ರಲ್ಲಿ ಅಮೆರಿಕದ ಅನುಮತಿ ಪಡೆದ ಹೆಪ್ಪು ಕರಗಿಸುವ ಇಂಜೆಕ್ಷನ್‌ ಹಾಗೂ 2015ರ ಪ್ರಯೋಗಗಳು ಎತ್ತಿಹಿಡಿದ, ಹೆಪ್ಪನ್ನು ಹೊರಗೆಳೆಯುವ ವಿಧಾನವನ್ನು. ಎರಡೂ ನಾಳ ತೆರೆಯುತ್ತವೆಯೇ ಹೊರತು ಕೋಶಕ್ಕೆ ಕವಚ ತೊಡಿಸುವುದಿಲ್ಲ. ಜಪಾನ್ 2001ರಲ್ಲಿ ಒಪ್ಪಿದ, ನಮ್ಮಲ್ಲೂ ಬರೆದುಕೊಡುವ ಎಡರವೋನ್ ಎಂಬ ಕೋಶರಕ್ಷಕ ಔಷಧದ ಕಡೆ ಕೆಲವರು ಬೆರಳು ತೋರಿಸಬಹುದು. ಅಮೆರಿಕ, ಯುರೋಪ್ ಅದನ್ನು ಈ ಕಾಯಿಲೆಗೆ ಇನ್ನೂ ಒಪ್ಪಿಲ್ಲ.

ಇಲಿ ಪ್ರಯೋಗಗಳು ಅಶಿಸ್ತಿನವಾಗಿದ್ದವು, ಅದಕ್ಕೇ ಸೋಲು ಎನ್ನುವವರಿಗೆ ಎನ್‌ಎಕ್ಸ್‌ವೈ-059 ನೆನಪಿರಲಿ. 1999ರಲ್ಲಿ ರೂಪಿಸಿದ ಬಿಗಿ ಮಾನದಂಡಗಳನ್ನು ಪಾಲಿಸಿದೆ ಎಂದು ಹೊಗಳಿಸಿಕೊಂಡ ಔಷಧವದು. 2006ರಲ್ಲಿ ಸುಮಾರು 1,700 ರೋಗಿಗಳ ಪ್ರಯೋಗದಲ್ಲಿ ಮಿಂಚಿತು. ಮರುವರ್ಷ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ಆ ಮಿಂಚು ಎಲ್ಲಿ ಹೋಯಿತೋ ಪತ್ತೆಯಿಲ್ಲ.

ಲಿಥಿಯಂಗೆ ಇದರ ಮೇಲೊಂದು ತೊಡಕು. ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 0.6ರಿಂದ 1.2 ಮಿಲಿಮೋಲ್ ಇದ್ದರೆ ಔಷಧ, 1.5 ದಾಟಿದರೆ ವಿಷದ ಲಕ್ಷಣ. ಥಯಾಜೈಡ್, ರಾಮಿಪ್ರಿಲ್‌ನಂಥ ಬಿ.ಪಿ. ಮಾತ್ರೆಗಳು, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಆ ಮಟ್ಟವನ್ನು ಏರಿಸುತ್ತವೆ. ಪಾರ್ಶ್ವವಾಯು ಬಡಿಯುವುದು ಹೆಚ್ಚಾಗಿ ಯಾರಿಗೆ? ಬಿ.ಪಿ. ಇರುವವರಿಗೇ. ಇಲಿಗೆ ಮಾತ್ರೆಯ ಡಬ್ಬಿ ಇರಲಿಲ್ಲ. ಆನ್‌ಲೈನ್‌ನಲ್ಲಿ ಲಿಥಿಯಂ ಓರೊಟೇಟ್ ತರಿಸಿಕೊಂಡು ನುಂಗುವವರಿಗೆ ಇದನ್ನು ಯಾರು ಹೇಳಬೇಕು?

ಹಾಗೆಂದು ಬಾಗಿಲು ಮುಚ್ಚಬೇಕಿಲ್ಲ. 2014ರಲ್ಲಿ ಪ್ರಕಟವಾದ ಇರಾನಿನ ಪುಟ್ಟ ಪ್ರಯೋಗದಲ್ಲಿ 300 ಮಿಲಿಗ್ರಾಂ ಲಿಥಿಯಂ ಅನ್ನು ದಿನಕ್ಕೆರಡು ಬಾರಿ ತಿಂಗಳ ಕಾಲ ಕೊಟ್ಟರು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಮಿದುಳಿನ ಹೊರಪದರಕ್ಕೆ ಪೆಟ್ಟಾದವರಲ್ಲಿ ಮಾತ್ರ ಲಿಥಿಯಂ ಪಡೆದವರು ಹೆಚ್ಚು ಚೇತರಿಸಿಕೊಂಡರು. ಉಪಗುಂಪಿನ ಫಲಿತಾಂಶ ಸುಳಿವಷ್ಟೇ, ಸಾಕ್ಷ್ಯವಲ್ಲ. ಸುಳಿವಿನ ಬೆನ್ನು ಹತ್ತಲು ಕಂಪನಿಗಳು ಬರುವುದಿಲ್ಲ, ಪೇಟೆಂಟ್ ಇಲ್ಲದ ಉಪ್ಪಿನಲ್ಲಿ ಲಾಭವೆಲ್ಲಿ? ಆ ಕೆಲಸ ಸಾರ್ವಜನಿಕ ಹಣದಿಂದಲೇ ಆಗಬೇಕು. ಐಸಿಎಂಆರ್ ನೆರವಿನ ಭಾರತೀಯ ಪಾರ್ಶ್ವವಾಯು ಪ್ರಯೋಗ ಜಾಲ 31 ಕೇಂದ್ರಗಳಲ್ಲಿ 4,298 ರೋಗಿಗಳನ್ನು ಸೇರಿಸಿಕೊಂಡು ‘ಸ್ಪ್ರಿಂಟ್ ಇಂಡಿಯಾ’ ಅಧ್ಯಯನ ನಡೆಸಿದೆ. ಅಲ್ಲಿ ಪರೀಕ್ಷಿಸಿದ್ದು ಎಸ್‌ಎಂಎಸ್, ವಿಡಿಯೊಗಳ ಮೂಲಕ ಮರುದಾಳಿ ತಡೆಯುವ ಕ್ರಮವನ್ನು. ಪ್ರಯೋಜನ ಕಾಣದೆ ನಿಲ್ಲಿಸಿದರು, ಮುಚ್ಚಿಡದೆ ಪ್ರಕಟಿಸಿದರು. ಅದೇ ಜಾಲ ಹೊರಪದರದ ಪೆಟ್ಟಿನವರನ್ನಷ್ಟೇ ಆರಿಸಿ, ಮೂತ್ರಪಿಂಡ ಪರೀಕ್ಷಿಸಿ, ವಾರವಾರ ರಕ್ತದ ಮಟ್ಟ ಅಳೆದು ಲಿಥಿಯಂ ಅನ್ನು ಒರೆಗೆ ಹಚ್ಚಲಿ. ಫಲಿತಾಂಶ ಏನೇ ಬರಲಿ, ಇನ್ನೊಂದು ಇಲಿ ಪ್ರಬಂಧಕ್ಕಿಂತ ಅದು ಉಪಯುಕ್ತ.