ಮಾತಿಗಿಂತ ಕೆಲಸ ನೋಡಲಿ

ಆಟಿಸಂ ಇರುವ ಹುಡುಗ ಮುಖ ನೋಡಿ ಮಾತಾಡಲಿಲ್ಲವೆಂದು ಸಂದರ್ಶನದಲ್ಲೇ ಕೈಬಿಡುವುದು ಅನ್ಯಾಯ. ಅವನು ಬರೆದ ಕೋಡ್ ನೋಡಬೇಕಲ್ಲವೇ? ಬೆಂಗಳೂರಿನ ಸ್ಯಾಪ್ ಲ್ಯಾಬ್ಸ್ ಇಂಥವರನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ತೆಗೆದುಕೊಂಡಿತು. 2013ರಲ್ಲಿ ಅದರ ಮಾತೃಸಂಸ್ಥೆ ಈ ನೇಮಕವನ್ನು ಬೇರೆ ದೇಶಗಳಿಗೂ ವಿಸ್ತರಿಸುವುದಾಗಿ ಸಾರಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ, ಕಲಿಕಾ ನ್ಯೂನತೆಗಳೂ ಸೇರಿವೆ. ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕೆಂದು ಅದು ಹೇಳುತ್ತದೆ. ನಮ್ಮ ನೇಸರಗಿ, ಬೈಲಹೊಂಗಲದ ಕಡೆ ಈ ಕಾಯ್ದೆಯನ್ನು ತಿಳಿಸಿಕೊಡುವವರು ಕಡಿಮೆ. ಮಗ ಮಂಕನೆಂದೇ ನಂಬಿ ಕೈಚೆಲ್ಲಿದ ತಂದೆತಾಯಿ ಎಷ್ಟೋ ಮಂದಿ! ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳಿಂದ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳು ಸಮಾನ ಅವಕಾಶ ನೀತಿಯನ್ನು ಮೊದಲೇ ಕೇಳಿ ಪಡೆಯಬೇಕು. ಪ್ರಶ್ನೆಗಳನ್ನು ಬರಹದಲ್ಲಿ ಕೊಡಿಸಲಿ, ಗದ್ದಲವಿಲ್ಲದ ಕೋಣೆ ಒದಗಿಸಲಿ, ಕೆಲಸ ಮಾಡಿ ತೋರಿಸಲು ಸಮಯ ಕೊಡಿಸಲಿ.

— ಒಬ್ಬ ಓದುಗ, ನೇಸರಗಿ, ತಾ. ಬೈಲಹೊಂಗಲ