‘ಚೆನ್ನಾಗಿದೆ’ ಎಂಬ ಅನ್ಯಾಯ

ಹೊರನಾಡಿನ ನಮ್ಮ ಕನ್ನಡ ಸಂಘಗಳಲ್ಲಿ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಸಾಹಿತ್ಯಗೋಷ್ಠಿ ನಡೆಯುತ್ತದೆ. ಬ್ಯಾಂಕು, ರೈಲ್ವೆ, ಸರಕಾರಿ ಕಚೇರಿಗಳಲ್ಲಿ ದುಡಿಯುವವರೂ ಗೃಹಿಣಿಯರೂ ತಾವು ಬರೆದ ಕವಿತೆ, ಕತೆಗಳನ್ನು ಓದುತ್ತಾರೆ. ಓದು ಮುಗಿಯುತ್ತಲೇ ಚಪ್ಪಾಳೆ. ‘ಬಹಳ ಚೆನ್ನಾಗಿದೆ, ಹೀಗೆಯೇ ಬರೆಯುತ್ತಿರಿ’ ಎಂದು ಅಧ್ಯಕ್ಷರು ಹರಸುತ್ತಾರೆ. ಅಷ್ಟರಲ್ಲಿ ಉಪ್ಪಿಟ್ಟು, ಕಾಫಿ ಬರುತ್ತದೆ. ಬರೆದವರು ಕಾಗದ ಮಡಿಸಿ ಚೀಲದಲ್ಲಿಟ್ಟುಕೊಂಡು ಮನೆಗೆ ಹೊರಡುತ್ತಾರೆ. ತಮ್ಮ ಕವಿತೆಯನ್ನು ಯಾರಾದರೂ ನಿಜವಾಗಿ ಕೇಳಿದರೇ ಎಂಬುದು ಅವರಿಗೆ ಕೊನೆಗೂ ತಿಳಿಯುವುದಿಲ್ಲ.

ಇದಕ್ಕೆ ಸೌಜನ್ಯವೆಂಬ ಹೆಸರಿದೆ. ನಮಗಾದರೋ ಇದು ಬರೆದವರಿಗೆ ಬಗೆಯುವ ಅನ್ಯಾಯವೆಂದೇ ತೋರುತ್ತದೆ.

‘ಪಾಪ, ಹವ್ಯಾಸಿಗಳು. ಪ್ರಶಸ್ತಿಗಾಗಿ ಬರೆಯುವವರಲ್ಲ. ಮನಸ್ಸು ನೋಯಿಸುವುದೇಕೆ?’ ಎನ್ನುವವರಿದ್ದಾರೆ. ಇದೇ ಮಹನೀಯರು ಸಂಘದ ವಾರ್ಷಿಕೋತ್ಸವದ ನಾಟಕದ ತಾಲೀಮಿಗೆ ಒಮ್ಮೆ ಬರಲಿ. ಪಾತ್ರಧಾರಿಗಳೆಲ್ಲ ಹವ್ಯಾಸಿಗಳೇ. ಆದರೂ ನಿರ್ದೇಶಕರು ಒಂದೇ ಮಾತನ್ನು ಹತ್ತು ಸಲ ಹೇಳಿಸುತ್ತಾರೆ, ನಿಂತದ್ದು ಸರಿಯಿಲ್ಲ, ದನಿ ಹಿಂದಿನ ಸಾಲಿಗೆ ಕೇಳಿಸದು ಎಂದು ಗದರುತ್ತಾರೆ. ಯಾರೂ ಮುನಿಸಿಕೊಂಡು ಸಂಘ ಬಿಡುವುದಿಲ್ಲ. ಕಚೇರಿಯಲ್ಲಿ ಎರಡು ಸಾಲಿನ ಪತ್ರದ ಕರಡು ಕೂಡ ಮೂರು ಮೇಜು ಹತ್ತಿ, ತಿದ್ದಿಸಿಕೊಂಡೇ ಹೊರಗೆ ಹೋಗುತ್ತದೆ. ಯಾರೂ ಎರಡನೆಯ ಸಲ ಓದದ ಪತ್ರಕ್ಕೆ ಇಷ್ಟು ಮರ್ಯಾದೆ. ಒಬ್ಬರು ನಿದ್ದೆಗೆಟ್ಟು ಬರೆದ ಕವಿತೆಗೆ ಅಷ್ಟೂ ಇಲ್ಲವೆ?

ತಿದ್ದುವುದು ಅವಮಾನವೆಂಬ ಭಾವನೆ ನಮ್ಮ ಪರಂಪರೆಯದಲ್ಲ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೇ ಮೊದಲನೆಯದು, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ಅದರ ಮೊದಲ ಪರಿಚ್ಛೇದವೇ ಕಾವ್ಯದ ದೋಷಗಳ ವಿಚಾರಕ್ಕೆ ಮೀಸಲು. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣದಂತೆ, ಬರೆದವನಿಗೆ ತನ್ನ ದೋಷ ಕಾಣದು, ಆದ್ದರಿಂದ ಬೇರೆಯವರಿಂದ ಓದಿಸಿ ನೋಡಬೇಕು ಎಂಬ ಅಭಿಪ್ರಾಯ ಅಲ್ಲಿದೆ. ಸಾವಿರದ ನೂರು ವರ್ಷಗಳಿಗೂ ಹಿಂದೆ ತಿಳಿದಿದ್ದ ಮಾತು ಇಂದು ನಮಗೆ ಕಹಿಯಾಗಬೇಕೆ?

ಕುವೆಂಪು ಅವರ ಬಾಳಿನ ಪ್ರಸಂಗವೂ ಇದೆ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಅವರು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನ 1922ರಲ್ಲಿ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದರು. ಕಸಿನ್ಸ್ ಓದಿ, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು, ಕನ್ನಡದಲ್ಲಿ ಬರೆಯಲು ಹೇಳಿದರು. ಹೊಗಳಿಕೆಯನ್ನು ನಿರೀಕ್ಷಿಸಿ ಹೋಗಿದ್ದ ತರುಣನಿಗೆ ಆ ಮಾತು ರುಚಿಸಲಿಲ್ಲ. ಆದರೆ ಫಲವನ್ನು ಇಡೀ ಕನ್ನಡ ನಾಡು ಉಂಡಿತು. ಕಸಿನ್ಸ್ ಕೂಡ ‘ವೆರಿ ಗುಡ್’ ಎಂದು ಬೆನ್ನು ತಟ್ಟಿ ಕಳುಹಿಸಿದ್ದರೆ? ಆಗ ಅದನ್ನೂ ನಾವು ಸೌಜನ್ಯವೆಂದೇ ಕರೆಯುತ್ತಿದ್ದೆವೇನೋ.

ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಊರಿನಲ್ಲಿ ಬರೆಯುವವರಿಗೆ ಕಾಲೇಜಿನ ಕನ್ನಡ ಮೇಷ್ಟ್ರು, ಗ್ರಂಥಾಲಯ, ಪತ್ರಿಕೆ ಓದುವ ನೆರೆಹೊರೆ ಇದ್ದಾರೆ. ಇಲ್ಲಿ? ನೆರೆಯವರಿಗೆ ಕನ್ನಡ ಬಾರದು. ಮಕ್ಕಳು ಕನ್ನಡ ಮಾತಾಡುತ್ತಾರೆ, ಎಷ್ಟೋ ಮನೆಗಳಲ್ಲಿ ಓದಲಾರರು. ಅಪ್ಪ ಬರೆದ ಕತೆ ಮಗಳಿಗೆ ಬರಿಯ ಅಕ್ಷರದ ಸಾಲು. ಆದ್ದರಿಂದ ಗೋಷ್ಠಿಗೆ ಬರುವ ಇಪ್ಪತ್ತು ಮೂವತ್ತು ಜನರೇ ಇಲ್ಲಿಯ ಲೇಖಕರ ಸಮಸ್ತ ವಾಚಕವೃಂದ. ಅವರೂ ಕೇಳದೆ ಚಪ್ಪಾಳೆ ತಟ್ಟಿದರೆ ಬರೆಯುವವರು ಯಾರಿಗಾಗಿ ಬರೆಯಬೇಕು? ಕೆಲವು ವರ್ಷ ಓದಿ ಒಂದು ದಿನ ಸುಮ್ಮನಾಗುತ್ತಾರೆ. ರಾಜ್ಯೋತ್ಸವದ ವೇದಿಕೆಯಲ್ಲಿ ‘ಕನ್ನಡ ಉಳಿಸಿ’ ಎಂದು ಗುಡುಗುವ ನಾವು, ನಮ್ಮ ಕಣ್ಣೆದುರಿಗೇ ಒಂದು ಲೇಖನಿ ಒಣಗಿದ್ದನ್ನು ಗಮನಿಸುವುದೇ ಇಲ್ಲ.

ಹೇಳಬೇಕಾದ ಮಾತುಗಳಿಗೆ ಬರವೇ? ನಮ್ಮವರ ಹತ್ತು ಕತೆಗಳಲ್ಲಿ ಹಲವು ಊರಿನ ತುಳಸಿಕಟ್ಟೆಯ ಬಳಿ ಆರಂಭವಾಗಿ, ಬಾಗಿಲಲ್ಲಿ ಕಾಯುವ ತಾಯಿಯ ಕಣ್ಣೀರಿನಲ್ಲಿ ಮುಗಿಯುತ್ತವೆ. ಬರೆದವರು ಊರು ಬಿಟ್ಟು ಮೂವತ್ತು ವರ್ಷವಾಗಿರುತ್ತದೆ. ಈ ಮೂವತ್ತು ವರ್ಷ ನೇತಾಡಿಕೊಂಡು ಹೋದ ಲೋಕಲ್ ಗಾಡಿ, ಚಾಳಿನ ಒಂಟಿ ಕೋಣೆ, ನೀರಿನ ನಲ್ಲಿಯ ಮುಂದಿನ ಜಗಳ ಯಾವುದೂ ಕತೆಯೊಳಗೆ ಬರುವುದಿಲ್ಲ. ‘ಅಣ್ಣಾ, ತಾಯಿಯ ಚಿತ್ರ ಚೆನ್ನಾಗಿದೆ. ಆದರೆ ನೀವು ಬಾಳಿದ ಈ ಊರೆಲ್ಲಿ?’ ಎಂದು ಕೇಳುವ ಒಬ್ಬ ಗೆಳೆಯ ಬೇಡವೆ? ಹನೇಹಳ್ಳಿಯನ್ನು ಮನದುಂಬ ಪ್ರೀತಿಸಿದ ಯಶವಂತ ಚಿತ್ತಾಲರೇ ಮುಂಬಯಿಯ ಕಂಪನಿ ಜಗತ್ತನ್ನು ‘ಶಿಕಾರಿ’ಯಲ್ಲಿ (1979) ಕಾದಂಬರಿಯಾಗಿಸಿದರು. ಊರೂ ನಗರವೂ ಒಬ್ಬರ ಲೇಖನಿಯಲ್ಲೇ ಕೂಡಿ ಬಾಳಬಲ್ಲವು.

ಇನ್ನೊಂದು ಬಗೆಯ ಟೀಕೆಯೂ ನಮ್ಮಲ್ಲುಂಟು. ಅದನ್ನು ನಾವು ಖಂಡಿತ ಒಪ್ಪುವುದಿಲ್ಲ. ಧಾರವಾಡದವರ ಕತೆ ಕೇಳಿ ಮೈಸೂರಿನವರು, ಮಂಗಳೂರಿನವರ ಕವಿತೆ ಕೇಳಿ ಧಾರವಾಡದವರು ‘ಇದು ಶುದ್ಧ ಕನ್ನಡವಲ್ಲ’ ಎನ್ನುವುದು! ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವರು ಬರೆದ ‘ಕುಸುಮಬಾಲೆ’ಗೆ 1990ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಬರೆದವರ ಮನೆಮಾತನ್ನು ಹಳಿಯುವುದು ವಿಮರ್ಶೆಯಲ್ಲ, ಬರಿಯ ಜಂಬ. ತಾನಾಗಿದ್ದರೆ ಹೇಗೆ ಬರೆಯುತ್ತಿದ್ದೆ ಎಂದು ಅರ್ಧ ಗಂಟೆ ವಿವರಿಸುವುದೂ ಅದೇ ಜಾತಿಯದು.

ಹಾಗಾದರೆ ಮಾಡಬೇಕಾದದ್ದೇನು? ಗೋಷ್ಠಿಗೆ ಒಂದು ವಾರ ಮೊದಲೇ ಬರಹದ ಪ್ರತಿ ಎಲ್ಲರಿಗೂ ತಲುಪಲಿ. ಮೊಬೈಲಿಗೆ ಕಳುಹಿಸಿದರೂ ಆಯಿತು. ಒಂದು ಸಂಜೆಗೆ ಹನ್ನೆರಡು ಕವಿತೆ ಬೇಡ, ಮೂರು ಸಾಕು. ಮಾತಾಡುವವರು ಮೊದಲು ತಮ್ಮ ಮನಸ್ಸಿನಲ್ಲಿ ನಿಂತ ಒಂದು ಸಾಲನ್ನು ಹೇಳಲಿ, ಅನಂತರ ತಾವು ಎಡವಿದ ಜಾಗವನ್ನು ಬೆರಳಿಟ್ಟು ತೋರಿಸಲಿ. ಬರೆದವರು ಉತ್ತರ ಕೊಡುವ ಅವಸರ ಮಾಡದೆ ಗುರುತು ಹಾಕಿಕೊಳ್ಳಲಿ. ತಿದ್ದುವುದೂ ಬಿಡುವುದೂ ಅವರಿಗೇ ಸೇರಿದ್ದು. ಮೊದಲ ಸಲ ಓದುವ ಹುಡುಗ ಹುಡುಗಿಯರಿಗೆ ತಪ್ಪುಗಳನ್ನು ಸಭೆಯಲ್ಲಿ ಹೇಳುವುದು ಬೇಡ. ಕಾಫಿಯ ಹೊತ್ತಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರಾಯಿತು.

ಇದರಿಂದ ನಾಲ್ವರು ಮುನಿಸಿಕೊಳ್ಳಬಹುದು. ಕೊಳ್ಳಲಿ. ಅವರಲ್ಲಿ ಇಬ್ಬರಾದರೂ ಮುಂದಿನ ತಿಂಗಳು ತಿದ್ದಿದ ಪ್ರತಿಯನ್ನು ಹಿಡಿದು ಬಂದಾರು. ಅಂದು ಅವರು ಓದುವಾಗ ಕಾಫಿ ತುಸು ಆರಿದರೂ ಚಿಂತೆಯಿಲ್ಲ. ನಾವೆಲ್ಲ ಕಿವಿಗೊಟ್ಟು ಕೇಳೋಣ.